ಅಜ್ಜಿ ಹೇಳಿದ ಕಥೆ ಬೋರ್ಡಿಗೆ ಬರಲಿ

ಪ್ರಶ್ನೆ: ನಾನು ಚಿಂತಾಮಣಿ ತಾಲ್ಲೂಕಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯೊಂದರ ಶಿಕ್ಷಕಿ. ಒಂದರಿಂದ ಮೂರನೇ ತರಗತಿಯ ನಲಿ-ಕಲಿ (ಹಾಡು, ಕಥೆ, ಕಾರ್ಡುಗಳ ಮೂಲಕ ಕಲಿಸುವ ಪದ್ಧತಿ) ಮಕ್ಕಳು ನನ್ನ ಬಳಿ ಇದ್ದಾರೆ. ಹೆಚ್ಚಿನವರ ಮನೆಮಾತು ತೆಲುಗು. ಪಾಠ ಗಟ್ಟಿಯಾಗಿ ಓದುತ್ತಾರೆ, ಏನು ಓದಿದ್ರಿ ಅಂತ ಕೇಳಿದರೆ ತಲೆ ತಗ್ಗಿಸುತ್ತಾರೆ. ತರಬೇತಿಯಲ್ಲಿ ಸ್ಥಳೀಯ ಕಥೆ ಬಳಸಿ ಎಂದರು. ಊರಿನ ಅಜ್ಜಿಯೊಬ್ಬರನ್ನು ಕರೆಸಿ ಕಥೆ ಹೇಳಿಸಿದೆ. ಮಕ್ಕಳಿಗೆ ತುಂಬ ಖುಷಿಯಾಯಿತು. ಆದರೆ ಓದು ಇದ್ದಲ್ಲೇ ಇದೆ. ಮುಂದೇನು ಮಾಡಲಿ?

ಉತ್ತರ: ಮೇಡಂ, ಅಜ್ಜಿಯನ್ನು ಶಾಲೆಗೆ ಕರೆಸಿದ್ದೇ ದೊಡ್ಡ ಕೆಲಸ. ಆದರೆ ಕಥೆ ಕೇಳಿದ ಮಾತ್ರಕ್ಕೆ ಓದು ಬರುವುದಿಲ್ಲ. ಮಾರನೇ ದಿನ ಆ ಕಥೆಯನ್ನು ಅಕ್ಷರಕ್ಕೆ ಇಳಿಸಬೇಕು. ಎಷ್ಟೋ ಶಾಲೆಗಳಲ್ಲಿ ಈ ಎರಡನೇ ದಿನವೇ ಬಿಟ್ಟುಹೋಗುತ್ತದೆ.

ನಿಮ್ಮ ಹತ್ತಿರದ ಕೈವಾರವನ್ನೇ ನೋಡಿ. ಮಹಾಭಾರತದ ಏಕಚಕ್ರಪುರ ಇದೇ, ಭೀಮ ಬಕಾಸುರನನ್ನು ಕೊಂದದ್ದು ಇಲ್ಲೇ ಅಂತ ಜನ ನಂಬುತ್ತಾರೆ. ನಿಮ್ಮ ಮಕ್ಕಳಲ್ಲಿ ಹಲವರು ಕೈವಾರದ ಬೆಟ್ಟ ಹತ್ತಿರದಿಂದ ನೋಡಿರುತ್ತಾರೆ. ಅಜ್ಜಿ ಆ ಕಥೆಯನ್ನು ತೆಲುಗಿನಲ್ಲೇ ಹೇಳಲಿ, ತಡೆಯಬೇಡಿ. ಮಾರನೇ ದಿನ ಮಕ್ಕಳನ್ನು ನೆಲದ ಮೇಲೆ ಒಟ್ಟಿಗೆ ಕೂರಿಸಿ, ನಿನ್ನೆ ಏನಾಯ್ತು ಅಂತ ಕೇಳಿ. ಒಬ್ಬಳು ತೆಲುಗಿನಲ್ಲಿ ಹೇಳುತ್ತಾಳೆ, ಇನ್ನೊಬ್ಬ ಅದನ್ನೇ ಕನ್ನಡದಲ್ಲಿ ಹೇಳುತ್ತಾನೆ, ನೀವು ಒಂದು ಮಾತು ಸೇರಿಸುತ್ತೀರಿ. ಹೀಗೆ ಬಂದದ್ದನ್ನು ಮಕ್ಕಳ ಕಣ್ಣೆದುರೇ ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯಿರಿ. ನಾಲ್ಕು ಸಾಲು ಸಾಕು:

ಭೀಮ ಬಂಡಿ ಹತ್ತಿ ಬೆಟ್ಟಕ್ಕೆ ಹೋದ.
ಬಂಡಿ ತುಂಬ ಅನ್ನ ಇತ್ತು.
ಅನ್ನ ಎಲ್ಲಾ ಭೀಮನೇ ತಿಂದುಬಿಟ್ಟ.
ಬಕಾಸುರನಿಗೆ ಸಿಟ್ಟು ಬಂತು.

ಈ ಸಾಲುಗಳಲ್ಲಿ ಏನೇನಿದೆ ನೋಡಿ. ಬೆಟ್ಟ, ಅನ್ನ, ಬಿಟ್ಟ, ಸಿಟ್ಟು ಇವೆ. ಒತ್ತಕ್ಷರಕ್ಕೆ ಬೇರೆ ಪಟ್ಟಿ ಹುಡುಕಬೇಕಿಲ್ಲ. ಬಂಡಿ, ತುಂಬ, ತಿಂದು, ಬಂತು ಇವೆ, ಸೊನ್ನೆಗೆ ಅಷ್ಟು ಸಾಕು. ಬೆರಳಿಟ್ಟು ಒಟ್ಟಿಗೆ ಓದಿಸಿ. ಆಮೇಲೆ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಇದೇ ಸಾಲು ಬರೆದು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಕಲೆಸಿಬಿಡಿ. ಕಥೆಯ ಕ್ರಮಕ್ಕೆ ಮಕ್ಕಳೇ ಜೋಡಿಸಲಿ. ಇಲ್ಲಿ ಅರ್ಥ ತಿಳಿಯದೆ ಜೋಡಿಸಲು ಆಗುವುದಿಲ್ಲ. ನೀವು ಕೇಳಿದ ತೊಂದರೆಗೆ ಮದ್ದು ಇರುವುದು ಈ ಆಟದಲ್ಲೇ. ಮೂರನೇ ತರಗತಿಯವರು ಸಾಲನ್ನು ಮತ್ತೆ ಪದಪದವಾಗಿ ಕತ್ತರಿಸಿ ಹೊಸ ಸಾಲು ಮಾಡಬಹುದು. 'ಭೀಮನಿಗೆ ಸಿಟ್ಟು ಬಂತು' ಅಂತ ಒಂದು ಮಗು ಮಾಡಿತು ಅಂದುಕೊಳ್ಳಿ, ಅಲ್ಲಿಗೆ ಬರವಣಿಗೆ ಶುರುವಾಯಿತು. ಯಾಕೆ ಬಂತು ಅಂತ ಕೇಳಿ, ಮುಂದಿನ ಸಾಲೂ ಬರುತ್ತದೆ. ಕೊನೆಗೆ ಮಕ್ಕಳು ಬರೆದ, ಚಿತ್ರ ಬಿಡಿಸಿದ ಹಾಳೆಗಳನ್ನು ದಾರದಿಂದ ಹೊಲಿದು ತರಗತಿಯಲ್ಲೇ ನೇತುಹಾಕಿ. ಬಿಡುವಿದ್ದಾಗ ತಾವೇ ತೆಗೆದು ಓದುತ್ತಾರೆ.

ತೆಲುಗಿನ ಬಗ್ಗೆ ನಿಮಗೆ ಅಳುಕು ಇರುವ ಹಾಗಿದೆ. ಖಂಡಿತ ಬೇಡ. ಕೈವಾರದ ಸಂತಕವಿ ತಾತಯ್ಯನವರೇ (ಯೋಗಿ ನಾರೇಯಣ) ತೆಲುಗು, ಕನ್ನಡ ಎರಡರಲ್ಲೂ ಹಾಡಿದವರು. ನಿಮ್ಮ ಮಕ್ಕಳ ಮನೆಗಳಲ್ಲಿ ಆ ತತ್ವಪದಗಳನ್ನು ಹಾಡುವವರು ಇದ್ದೇ ಇರುತ್ತಾರೆ. ತೆಲುಗು ಬಲ್ಲ ಮಗುವಿಗೆ ಕನ್ನಡ ಅಷ್ಟೇನೂ ದೂರವಲ್ಲ. ಪಾಲು-ಹಾಲು, ಪಾಮು-ಹಾವು, ಪುಲಿ-ಹುಲಿ, ಪಂದಿ-ಹಂದಿ ಅಂತ ಗೋಡೆಯ ಮೇಲೆ ಜೋಡಿ ಪಟ್ಟಿ ಮಾಡಿ. ಎರಡನ್ನೂ ಕನ್ನಡ ಅಕ್ಷರದಲ್ಲೇ ಬರೆಸಿ. ಒಂದು ವಾರ ಕಳೆಯುವಷ್ಟರಲ್ಲಿ ಮಕ್ಕಳೇ ಹೊಸ ಜೋಡಿ ಹುಡುಕಿ ತರುತ್ತಾರೆ. ಮನೆಮಾತಿನಲ್ಲಿ ಉತ್ತರ ಹೇಳಿದ ಮಗುವಿಗೆ 'ಕನ್ನಡದಲ್ಲಿ ಹೇಳು' ಅಂತ ಕೂಡಲೇ ಗದರಿದರೆ, ಆ ಮಗು ಮುಂದೆ ಬಾಯಿಯೇ ಬಿಡುವುದಿಲ್ಲ. ಮೊದಲು ಉತ್ತರ ಕೇಳಿಸಿಕೊಳ್ಳಿ. ಕನ್ನಡದ ಮಾತನ್ನು ಆಮೇಲೆ ನೀವೇ ಹೇಳಿಕೊಡಿ.

ಒಂದು ಎಚ್ಚರಿಕೆ. ಕಥೆ ಬಂತು ಅಂತ ಅಕ್ಷರ ಕಲಿಸುವುದನ್ನು ಸಡಿಲ ಬಿಡಬೇಡಿ. ವರ್ಣಮಾಲೆಯಲ್ಲಿ ಇರುವುದು 49 ಅಕ್ಷರವಾದರೂ ಕಾಗುಣಿತ, ಒತ್ತು ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನೂರಾರು. ಅದಕ್ಕೆ ವರ್ಷಗಳೇ ಹಿಡಿಯುತ್ತವೆ. ನಲಿ-ಕಲಿಯ ರ, ಗ, ಸ, ದ, ಅ ಕ್ರಮ ಹಾಗೇ ನಡೆಯಲಿ. ಕಥೆಗೆ ದಿನಕ್ಕೆ ಅರ್ಧ ಗಂಟೆ ಬೇರೆ ಇಡಿ. ಇನ್ನೂ ಕಲಿಸದ ಅಕ್ಷರ ಕಥೆಯಲ್ಲಿ ಬಂದರೆ ಗಾಬರಿ ಬೇಡ, ಇಡೀ ಪದವಾಗಿ ನೋಡಿರಲಿ. ಮುಂದೆ ಅದೇ ಅಕ್ಷರ ಕಾರ್ಡಿನಲ್ಲಿ ಬಂದಾಗ ಗುರುತು ಸಿಗುತ್ತದೆ.

ಮೇಲಿನವರು ಒಪ್ಪುತ್ತಾರಾ ಅನ್ನುವ ಅನುಮಾನ ನಿಮಗಿದ್ದರೆ, ನಲಿ-ಕಲಿ ಹುಟ್ಟಿದ್ದು ಹೇಗೆ ಅಂತ ನೆನಪು ಮಾಡಿಕೊಳ್ಳಿ. ನಿಮಗೆ ಅಷ್ಟೇನೂ ದೂರವಿಲ್ಲದ ಆಂಧ್ರದ ಮದನಪಲ್ಲಿಯ ಹತ್ತಿರ ರಿಷಿ ವ್ಯಾಲಿ ಶಿಕ್ಷಣ ಸಂಸ್ಥೆಯವರ ಹಳ್ಳಿ ಶಾಲೆಗಳಿವೆ. ಅವನ್ನು ನೋಡಿ ಬಂದ ಎಚ್.ಡಿ. ಕೋಟೆಯ ಶಿಕ್ಷಕರು 1995ರಲ್ಲಿ ತಾವೇ ಹಾಡು, ಕಥೆ, ಕಾರ್ಡು ಸೇರಿಸಿ ಕಟ್ಟಿದ ಪದ್ಧತಿ ಅದು. ಶಿಕ್ಷಕರು ತಮ್ಮೂರಿನ ಸಾಮಗ್ರಿ ಸೇರಿಸುವುದು ಅದರ ಹುಟ್ಟಿನಲ್ಲೇ ಇದೆ. ಧೈರ್ಯವಾಗಿ ಮಾಡಿ.

ಪ್ರಶ್ನೆ: ಶಿಡ್ಲಘಟ್ಟದ ಹತ್ತಿರ ನಮ್ಮೂರು. ರೇಷ್ಮೆ ಬೆಳೆಯುತ್ತೇವೆ. ಮಗ ನಾಲ್ಕನೇ ಕ್ಲಾಸು. ಮನೆಯಿಂದ ಒಂದು ಕಥೆ ಕಲಿತು ಬಾ ಅಂತ ಮೇಷ್ಟ್ರು ಹೇಳಿದ್ದಾರಂತೆ. ನಾನೂ ನಮ್ಮ ಯಜಮಾನ್ರೂ ಓದಿಲ್ಲ. ನಮಗೆ ಕಥೆನೂ ಬರೋದಿಲ್ಲ. ಏನು ಹೇಳಿಕೊಡಲಿ?

ಉತ್ತರ: ಅಮ್ಮಾ, ನಿಮ್ಮ ಹುಳದ ಮನೆಯಲ್ಲೇ ಒಂದು ಪುಸ್ತಕಕ್ಕೆ ಆಗುವಷ್ಟು ವಿಷಯ ಇದೆ. ಹುಳ ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡುವಾಗ, ಸೊಪ್ಪು ಯಾಕೆ ಹಾಕಬಾರದು, ನಾಲ್ಕು ಜ್ವರ ಎದ್ದ ಮೇಲೆ ಹೇಗೆ ಒಂದೇ ಸಮನೆ ತಿನ್ನುತ್ತೆ, ಹಣ್ಣಾದ (ಗೂಡು ಕಟ್ಟಲು ಸಿದ್ಧವಾದ) ಹುಳವನ್ನು ಹೇಗೆ ಗುರುತಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡ್ತೀರಿ, ಗೂಡು ಬಿಡಿಸಿ ಮಾರ್ಕೆಟ್‌ಗೆ ಒಯ್ದ ದಿನ ಏನಾಯ್ತು. ಇದನ್ನೆಲ್ಲ ರಾತ್ರಿ ಊಟದ ಹೊತ್ತಲ್ಲಿ ಮಾತಾಡುವ ಹಾಗೆ ಮಗನಿಗೆ ಹೇಳಿ. ಅವನು ಬರೆದುಕೊಳ್ಳಲಿ, ಬರೆದದ್ದನ್ನು ನಿಮಗೆ ಓದಿ ಹೇಳಲಿ. ತಪ್ಪಿದ್ದರೆ 'ಹಂಗಲ್ಲ ಕಣೋ, ಮೊದಲು ಇದು, ಆಮೇಲೆ ಅದು' ಅಂತ ತಿದ್ದಿ. ಕೆಲಸ ಗೊತ್ತಿರುವವರು ನೀವು, ಹಾಗಾಗಿ ತಿದ್ದುವ ಹಕ್ಕೂ ನಿಮ್ಮದೇ. ಓದು ಬರದಿದ್ದರೂ ಇದಕ್ಕೆ ಅಡ್ಡಿಯಿಲ್ಲ.

ಮೇಷ್ಟ್ರಿಗೂ ಒಂದು ಮಾತು. ಮೊಟ್ಟೆಯೊಡೆದು ಮರಿ ಬಂದ ದಿನದಿಂದ ಹುಳ ಹಣ್ಣಾಗಲು ಸುಮಾರು 25 ದಿನ ಬೇಕು. ಅಷ್ಟೂ ದಿನ ದಿನಾಂಕ ಹಾಕಿ ಎರಡೆರಡು ಸಾಲು ಬರೆಸಿದರೆ ದಿನಚರಿ ಬರೆಯುವುದು, ಕ್ರಮವಾಗಿ ವಿವರಿಸುವುದು ಎರಡೂ ಬಂದುಬಿಡುತ್ತದೆ. ಮಗುವನ್ನು ಕೆಲಸಕ್ಕೆ ಹಚ್ಚಿ ಅಂತ ನಾನು ಹೇಳುತ್ತಿಲ್ಲ. ನೋಡಲಿ, ಕೇಳಲಿ, ಬರೆಯಲಿ, ಅಷ್ಟೇ.

ಪ್ರಶ್ನೆ: ಗೌರಿಬಿದನೂರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಶಿಕ್ಷಕ ನಾನು. ಮಕ್ಕಳು ತರುವ ಕೆಲವು ಕಥೆ, ಗಾದೆಗಳಲ್ಲಿ ಜಾತಿಯ ಹೀಯಾಳಿಕೆ ಇರುತ್ತದೆ. ಕೆಲವು ಬರೀ ದೆವ್ವದ ಕಥೆ. ಎಲ್ಲವನ್ನೂ ಬರೆಸಬೇಕೇ?

ಉತ್ತರ: ಬೇಡ. ನಮ್ಮೂರಿನದು ಅನ್ನುವ ಕಾರಣಕ್ಕೆ ಎಲ್ಲವೂ ತರಗತಿಗೆ ಬರಬೇಕಿಲ್ಲ. ಒಂದು ಮಗುವಿನ ಮನೆಯನ್ನು ಕೀಳು ಮಾಡುವ ಮಾತು ಬೋರ್ಡಿಗೆ ಹೋಗಬಾರದು. ತಂದ ಮಗುವನ್ನು ಎಲ್ಲರೆದುರು ಬೈಯಬೇಡಿ. ಪಕ್ಕಕ್ಕೆ ಕರೆದು, ಇದನ್ನು ಕೇಳಿದರೆ ನಿನ್ನ ಗೆಳೆಯನಿಗೆ ಹೇಗಾಗುತ್ತೆ ಅಂತ ಕೇಳಿ, ಬೇರೆ ತರಲು ಹೇಳಿ. ದೆವ್ವದ ಕಥೆ ಪರವಾಗಿಲ್ಲ, ದೊಡ್ಡ ಮಕ್ಕಳಿಗೆ ಅದರಷ್ಟು ಓದಿನ ಆಸೆ ಹುಟ್ಟಿಸುವುದು ಇನ್ನೊಂದಿಲ್ಲ. ಒಂದನೇ ತರಗತಿಗೆ ಮಾತ್ರ ಬೇಡ.

ನಾನು ಹೆಚ್ಚು ಯೋಚಿಸುವುದು ಬೇರೆ ವಿಷಯಕ್ಕೆ. ಸ್ಥಳೀಯ ಕಥೆ ಅಂದ ಕೂಡಲೇ ಬರೀ ಗುಡಿ, ಜಾತ್ರೆಯ ಕಥೆಗಳೇ ಬರುತ್ತವೆ. ನಿಮ್ಮ ತರಗತಿಯಲ್ಲಿ ಉರ್ದು ಮಾತಾಡುವ ಮನೆಯ ಮಕ್ಕಳಿರಬಹುದು, ಕೆಲಸ ಹುಡುಕಿ ಬೇರೆ ಊರಿನಿಂದ ಬಂದವರ ಮಕ್ಕಳಿರಬಹುದು. ಹಾಜರಿ ಪುಸ್ತಕ ಮುಂದಿಟ್ಟುಕೊಂಡು ಯಾವ ಮನೆಯ ಕಥೆ ಇನ್ನೂ ಬಂದಿಲ್ಲ ಅಂತ ಗುರುತು ಹಾಕಿ. ಕಥೆ ಇಲ್ಲ ಅಂದವರಿಂದ ಒಗಟು ಕೇಳಿ. 'ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ' ಅಂತ ಬರೆದು ಬಿಡಿ. ಉತ್ತರ ಮಲ್ಲಿಗೆ ಅಂತ ನೀವು ಹೇಳಬೇಡಿ, ಓದಿ ಅರ್ಥ ಮಾಡಿಕೊಂಡ ಮಗು ಹೇಳುತ್ತದೆ. ಆ ಮಗು ನಾಳೆ ತನ್ನ ಮನೆಯ ಒಗಟು ಬರೆದು ತರಲಿ, ಉಳಿದವರು ಓದಿ ಬಿಡಿಸಲಿ.