ಬಳ್ಳಾರಿಯ ಬಿಸಿಲಲ್ಲಿ ಸ್ಟರ್ಜನ್ ಮರಿ ಸಾಕಬಹುದಾ?

ಬಳ್ಳಾರಿ ಕಡೆಯ ಕೃಷಿಹೊಂಡದಲ್ಲಿ ಸ್ಟರ್ಜನ್ ಅನ್ನೋ ಮೀನಿನ ಮರಿ ಬಿಡಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಇದು ತಣ್ಣೀರಿನ ಮೀನು, ನೀರು 20 ಡಿಗ್ರಿಗಿಂತ ತಂಪಿದ್ದರೆ ಆರಾಮ. ನಮ್ಮಲ್ಲಿ ಬೇಸಿಗೆ ಬಿಸಿಲು 40 ದಾಟುತ್ತದೆ ಅಲ್ವಾ, ನೀರು ಕಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ, ಮೀನಿಗೆ ಆಗಲೇ ಅದು ಜಾಸ್ತಿ ಬೇಕು, ಹಾಗಾಗಿ ಪಾಪ, ಉಸಿರುಕಟ್ಟಿ ಸಾಯುತ್ತದೆ. ಮನೆಯ ಗಾಜಿನ ತೊಟ್ಟಿಯೂ ಸಾಲದು, ಚಿಕ್ಕ ಜಾತಿಯಾದ ಸ್ಟರ್ಲೆಟ್ ಕೂಡ ಮೂರು ಅಡಿ ಹತ್ತಿರ ಬೆಳೆಯಬಲ್ಲದು.

ಇನ್ನು ಗುರುತು. ಅಂಗಡಿಯಲ್ಲಿ ತೋರಿಸಿದ ಮರಿ ಗಾಜಿಗೆ ಬಾಯಿ ಅಂಟಿಸಿಕೊಂಡಿದ್ದರೆ ಅದು ಸಕ್ಕರ್ ಮೀನು, ಸ್ಟರ್ಜನ್ ಅಲ್ಲ. ನಿಜವಾದ ಸ್ಟರ್ಜನ್‌ಗೆ ಮೈಮೇಲೆ ಐದು ಸಾಲು ಮೂಳೆಯ ಬಿಲ್ಲೆ, ಬಾಯಿಯ ಮುಂದೆ ನಾಲ್ಕು ಮೀಸೆ, ಶಾರ್ಕ್‌ನಂಥ ಬಾಲ ಇರುತ್ತವೆ.