ಎಥನಾಲ್ ರೈಲಿಗೆ ಎರಡನೇ ದಾರಿ ಯಾಕೆ?

ಪ್ರಶ್ನೆ: ಪೆಟ್ರೋಲಿಗೆ ಬೆರೆಸುವ ಆಲ್ಕೋಹಾಲ್ ಆದ ಎಥನಾಲನ್ನು ಪೈಪ್‌ಲೈನ್ ಬಿಟ್ಟು ರೈಲಿನಲ್ಲೇ ಯಾಕೆ ಸಾಗಿಸುತ್ತಾರೆ? ಖರ್ಚು ಕಮ್ಮಿ ಇರುವ ಒಂದು ದಾರಿ ಸಾಲದಾ? ಬದಲಿ ದಾರಿಗೆ ದುಡ್ಡು ಸುರಿಯುವುದು ದಂಡ ಅಲ್ವಾ?

ಉತ್ತರ: ಎಥನಾಲ್‌ಗೆ ನೀರು ಕಂಡರೆ ಆಸೆ. ಪೆಟ್ರೋಲ್ ಪೈಪಿನಲ್ಲಿ ಬಿಟ್ಟರೆ ಒಳಗಿನ ತೇವವನ್ನೆಲ್ಲ ಹೀರಿಕೊಂಡು, ಅಂಟಿದ ಕೊಳೆಯನ್ನೂ ಎಬ್ಬಿಸಿಕೊಂಡು ಬರುತ್ತದೆ. ಅದಕ್ಕೇ ಅಮೆರಿಕದಲ್ಲಿ ಇದರ ದೊಡ್ಡ ಪಾಲು ರೈಲಿನಲ್ಲಿ ಹೋಗುತ್ತದೆ. ಅಲ್ಲಿನ ಒಂದು ಟ್ಯಾಂಕ್ ವ್ಯಾಗನ್‌ಗೆ ಸುಮಾರು 1.1 ಲಕ್ಷ ಲೀಟರ್ ಹಿಡಿಸುತ್ತದೆ. ಇಡೀ ರೈಲಿಗೆ ಇದೊಂದೇ ಸರಕು ತುಂಬಿಸಿದರೆ ಯಾರ್ಡುಗಳಲ್ಲಿ ವ್ಯಾಗನ್ ಕಳಚಿ ಜೋಡಿಸುವ ಕೆಲಸ ತಪ್ಪುತ್ತದೆ, ಬಾಡಿಗೆಯೂ ಇಳಿಯುತ್ತದೆ.

ಇನ್ನು ದಂಡದ ಮಾತು. ದಾರಿ ಹೇಗೆ ಕೆಡುತ್ತದೆ ಅಂತ ಮೊದಲು ನೋಡಿ. 2009ರ ಜೂನ್, ಇಲಿನಾಯ್ ರಾಜ್ಯದ ಚೆರ್ರಿ ವ್ಯಾಲಿ. ಜೋರು ಮಳೆಗೆ ರೈಲ್ವೆ ಗೇಟಿನ ಹತ್ತಿರ ಹಳಿಯ ಕೆಳಗಿನ ಮಣ್ಣು, ಜಲ್ಲಿ ಕೊಚ್ಚಿಹೋಗಿತ್ತು. ನೋಡಿದವರು ಫೋನ್ ಮಾಡಿ ಹೇಳಿದ್ದರು, ಆದರೆ ಆ ಸುದ್ದಿ ರೈಲು ಓಡಿಸುತ್ತಿದ್ದವರಿಗೆ ಮುಟ್ಟಲೇ ಇಲ್ಲ. 19 ವ್ಯಾಗನ್ ಹಳಿ ತಪ್ಪಿದವು, ಎಥನಾಲ್ ಹೊತ್ತಿಕೊಂಡಿತು, ಗೇಟಿನಲ್ಲಿ ಕಾರು ನಿಲ್ಲಿಸಿ ಕಾಯುತ್ತಿದ್ದವರಲ್ಲಿ ಒಬ್ಬರು ಸತ್ತರು. ಬದಲಿ ದಾರಿ ಎಷ್ಟೇ ಇರಲಿ, ಅಂಥ ಒಂದು ಫೋನ್ ಸರಿಯಾದ ಜಾಗಕ್ಕೆ ಹೋಗದಿದ್ದರೆ ಏನು ಪ್ರಯೋಜನ?

ಈಗ ಒಂದೇ ದಾರಿ ನಂಬಿದರೆ ಏನಾಗುತ್ತದೆ ಅನ್ನುವ ಲೆಕ್ಕಕ್ಕೆ ಬರೋಣ. ದಿನಕ್ಕೆ 9 ವ್ಯಾಗನ್ ಸರಕು, ಹೋಗಿ ಬರಲು 10 ದಿನ ಅಂತಿಟ್ಟುಕೊಳ್ಳಿ. 90 ವ್ಯಾಗನ್ ಬೇಕು. ದಾರಿ ಕೆಟ್ಟು, ಸುತ್ತುಬಳಸಿ 14 ದಿನವಾದರೆ 126 ಬೇಕು, ಅಂದರೆ ಕೈಯಲ್ಲಿ ಇಲ್ಲದ 36 ವ್ಯಾಗನ್. ಎಥನಾಲ್‌ಗೆ ಗಟ್ಟಿ ಟ್ಯಾಂಕಿನ ವ್ಯಾಗನ್ನೇ ಆಗಬೇಕು, ಬೇಕೆಂದಾಗ ಸಿಗುವುದಿಲ್ಲ. ಕಾಗದದ ಮೇಲೆ ಅಗ್ಗವಾಗಿದ್ದ ದಾರಿ ಇಲ್ಲಿ ಕೈ ಕಚ್ಚುತ್ತದೆ.

ಯೋಜನೆ ಹಾಕುವಾಗ ಎಲ್ಲಕ್ಕಿಂತ ಅಗ್ಗದ ದಾರಿಯ ನಕ್ಷೆ ಒಂದೇ ಇದ್ದರೂ ಖರ್ಚಿನಲ್ಲಿ ಅದರ ಹತ್ತಿರಕ್ಕೆ ಬರುವ ನಕ್ಷೆಗಳು ಎಷ್ಟೋ ಸಲ ಹಲವು ಸಿಗುತ್ತವೆ. ಅವುಗಳಲ್ಲಿ ಒಂದು ಟರ್ಮಿನಲ್ ಅಥವಾ ಸೇತುವೆ ನಿಂತರೂ ಸರಕು ಓಡುವಂಥದ್ದನ್ನು ಆರಿಸಿ ಅಂತ ನನ್ನ ಮಾತು. ಸುಮ್ನೆ ಎರಡು ಗೆರೆ ಎಳೆದರೆ ಸಾಲದು ಮತ್ತೆ, ಎರಡೂ ಒಂದೇ ನದಿಯ ಪಕ್ಕ ಹೋದರೆ ಒಂದೇ ಪ್ರವಾಹಕ್ಕೆ ಎರಡೂ ಮುಳುಗುತ್ತವೆ.

ಪ್ರಶ್ನೆ: ಬದಲಿ ದಾರಿ ಬಿಟ್ಟು ದೊಡ್ಡ ಟ್ಯಾಂಕ್ ಕಟ್ಟಿ ದಾಸ್ತಾನು ಇಟ್ಟುಕೊಂಡರೆ?

ಉತ್ತರ: ನಾಲ್ಕೈದು ದಿನದ ತೊಂದರೆಗೆ ಅದೇ ಅಗ್ಗ. ಸೇತುವೆಯೇ ಬಿದ್ದು ತಿಂಗಳುಗಟ್ಟಲೆ ದಾರಿ ಮುಚ್ಚಿದರೆ ಟ್ಯಾಂಕ್ ಬರಿದಾಗುತ್ತದೆ. ಬೆಂಕಿ ಬಿದ್ದರೆ ಆರಿಸಲು ಆಲ್ಕೋಹಾಲ್ ತಡೆದುಕೊಳ್ಳುವ ನೊರೆಯನ್ನೂ ಹತ್ತಿರ ಇಟ್ಟಿರಬೇಕು, ಮಾಮೂಲಿ ನೊರೆಯನ್ನು ಎಥನಾಲ್ ಕರಗಿಸಿಬಿಡುತ್ತದೆ.