ಸೈಪ್ರಸ್‌ನಲ್ಲಿ ಕುಡಿಯದವರಿಗೆ ವೈನರಿಯಲ್ಲಿ ಏನು ಕೆಲಸ?

ಪ್ರಶ್ನೆ: ಸೈಪ್ರಸ್‌ಗೆ ಹೊರಟಿದ್ದೇವೆ. ಯಜಮಾನರಿಗೆ ವೈನರಿಗಳನ್ನು ನೋಡುವ ಆಸೆ. ನಾನು ಕುಡಿಯುವುದಿಲ್ಲ. ಸುಮ್ನೆ ಅವರ ಜೊತೆ ಹೋಗಿ ಬೇಜಾರಾಗುತ್ತಾ?

ಉತ್ತರ: ಬೇಜಾರಾಗಲ್ಲ, ಹೋಗಿ. ಲಿಮಾಸೋಲ್ ನಗರದಲ್ಲಿ ಉಳಿದುಕೊಂಡರೆ ಟ್ರೂಡೋಸ್ ಬೆಟ್ಟದ ತಪ್ಪಲಿನ ಹಳ್ಳಿಗಳು ಹತ್ತಿರ. ಅಲ್ಲಿನ ಹೆಮ್ಮೆ ಕಮಾಂಡರಿಯಾ ಎಂಬ ಸಿಹಿ ವೈನ್. ಕ್ಸಿನಿಸ್ತೇರಿ ಎಂಬ ಬಿಳಿ ದ್ರಾಕ್ಷಿ, ಮಾವ್ರೊ ಎಂಬ ಕಪ್ಪು ದ್ರಾಕ್ಷಿ, ಎರಡನ್ನೂ ಕೊಯ್ದು ಬಿಸಿಲಿಗೆ ಹರವುತ್ತಾರೆ, ಹಣ್ಣು ಸುಕ್ಕುಗಟ್ಟಿ ನೀರು ಆರಿ ಸಿಹಿ ಗಟ್ಟಿಯಾದ ಮೇಲೆಯೇ ಹಿಂಡುವುದು. ಆಮೇಲೆ ಕನಿಷ್ಠ 2 ವರ್ಷ ಓಕ್ ಪೀಪಾಯಿಯಲ್ಲಿ ಇಡಬೇಕು. ಆ ಹೆಸರು ಹಾಕಲು ದ್ರಾಕ್ಷಿ ಅಲ್ಲಿನ ಗೊತ್ತುಮಾಡಿದ 14 ಹಳ್ಳಿಗಳದ್ದೇ ಆಗಿರಬೇಕು. ಮಧ್ಯಯುಗದಲ್ಲಿ ಕೊಲೋಸಿ ಕೋಟೆಯಲ್ಲಿದ್ದ ಕ್ರೈಸ್ತ ಯೋಧರ ಆಡಳಿತ ಘಟಕವನ್ನು 'ಕಮಾಂಡರಿ' ಎನ್ನುತ್ತಿದ್ದರು, ಹೆಸರು ಬಂದದ್ದು ಅಲ್ಲಿಂದ. ಕೋಟೆ ಈಗಲೂ ಇದೆ, ನೋಡಿ.

ನಿಮಗಂತೂ ಒಮೊಡೋಸ್ ಹಳ್ಳಿ ಇಷ್ಟವಾಗುತ್ತೆ. ಅಲ್ಲಿ ಹಳೇ ಕಾಲದ ದ್ರಾಕ್ಷಿ ಗಾಣ ಉಳಿಸಿಕೊಂಡಿದ್ದಾರೆ, ಅದರ ಮರದ ತೊಲೆ ನೋಡಿದರೆ ಇದನ್ನು ಎತ್ತಿ ಕೂರಿಸಿದವರು ಯಾರಪ್ಪಾ ಅನ್ನಿಸುತ್ತೆ. ಬಾದಾಮಿಯನ್ನು ದಾರಕ್ಕೆ ಪೋಣಿಸಿ, ಗಟ್ಟಿಯಾಗಿ ಕುದಿಸಿದ ದ್ರಾಕ್ಷಿ ರಸದಲ್ಲಿ ಅದ್ದಿ ಅದ್ದಿ ಒಣಗಿಸುವ ಸುಜುಕೋಸ್ ಸಿಗುತ್ತೆ, ಅದರಲ್ಲಿ ಮದ್ಯ ಇರಲ್ಲ. ಎರಿಮಿ ಊರಲ್ಲಿ ವೈನ್ ಮ್ಯೂಸಿಯಂ ಕೂಡ ಇದೆ.

ಚಿಕ್ಕ ವೈನರಿಗಳಿಗೆ ಮೊದಲೇ ಫೋನ್ ಮಾಡಿ, ಮನೆಯವರೇ ನಡೆಸುವ ಕಡೆ ಬಾಗಿಲು ಹಾಕಿರಬಹುದು. ಒಂದೇ ದಿನ ಜಾಸ್ತಿ ಕಡೆ ಓಡಬೇಡಿ, ಎರಡು ಸಾಕು. ದ್ರಾಕ್ಷಿ ಕೊಯ್ಲು ನೋಡಬೇಕಿದ್ದರೆ ಸೆಪ್ಟೆಂಬರ್ ಒಳ್ಳೆಯದು. ಅಲ್ಲೂ ರಸ್ತೆಯ ಎಡಗಡೆಯೇ ಓಡಿಸುವುದು, ಹಾಗಾಗಿ ಕಾರಿನ ಕೀಲಿ ಕುಡಿಯದ ನೀವೇ ಇಟ್ಟುಕೊಳ್ಳಿ!